ಉಪ್ಪಿನ ಒಗಟು ಬಿಡಿಸಹೊರಟ ಘೋಷ್

ಅರ್ಥಶಾಸ್ತ್ರ ಓದಿದ ನನಗೆ ಜ್ಞಾನೇಂದ್ರಚಂದ್ರ ಘೋಷರ ಹೆಸರು ಮೊದಲು ಪರಿಚಯವಾದದ್ದು ಯೋಜನಾ ಆಯೋಗದ ಸದಸ್ಯರಾಗಿ. ಅವರು ಮೂಲತಃ ರಸಾಯನ ವಿಜ್ಞಾನಿ ಎಂಬುದನ್ನು ಅರಿತದ್ದು ನಿವೃತ್ತಿಯ ನಂತರ, ಎರೆಭೂಮಿಯ ಸವಳು-ಜವಳಿನ ಬಗ್ಗೆ ಓದತೊಡಗಿದಾಗ.

1894ರಲ್ಲಿ ಪುರುಲಿಯಾದಲ್ಲಿ ಜನಿಸಿದ ಘೋಷ್, ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯರ ಶಿಷ್ಯರು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಾಹಾ ಅವರ ಸಹಪಾಠಿಗಳು. ನೀರಿನಲ್ಲಿ ಕರಗಿದ ಉಪ್ಪು ಧನ ಮತ್ತು ಋಣ ಆವೇಶದ ಅಯಾನುಗಳಾಗಿ ಒಡೆಯುತ್ತದೆ. ಆದರೆ ದ್ರಾವಣ ಗಾಢವಾದಂತೆ ಅದರ ವಿದ್ಯುತ್ ವಾಹಕತೆ ಉಪ್ಪಿನ ಪ್ರಮಾಣಕ್ಕೆ ತಕ್ಕಷ್ಟು ಏರುವುದಿಲ್ಲ. ಉಪ್ಪು ಪೂರ್ತಿ ಒಡೆಯದಿರುವುದೇ ಕಾರಣವೆಂದು ಆಗ ಬಹುಮಂದಿ ನಂಬಿದ್ದರು. 1918ರಲ್ಲಿ, ಇನ್ನೂ 25 ತುಂಬದ ಘೋಷ್ ಬೇರೆ ಮಾತು ಮುಂದಿಟ್ಟರು: ಉಪ್ಪು ಪೂರ್ಣವಾಗಿಯೇ ಒಡೆಯುತ್ತದೆ, ಅಯಾನುಗಳ ಪರಸ್ಪರ ಸೆಳೆತ ಅವುಗಳ ಚಲನೆಯನ್ನು ತಡೆಯುತ್ತದೆ. ಹರಳಿನಲ್ಲಿರುವಂತೆ ಅಯಾನುಗಳು ದ್ರಾವಣದಲ್ಲೂ ಸಾಲುಗಟ್ಟಿವೆಯೆಂದು ಭಾವಿಸಿ ಅವರು ಲೆಕ್ಕ ಹಾಕಿದರು.

1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಆ ಸಾಲನ್ನು ಕೈಬಿಟ್ಟರು. ಉಷ್ಣದ ಚಲನೆ ಸಾಲನ್ನು ಕದಡುತ್ತದೆ. ಪ್ರತಿ ಅಯಾನಿನ ಸುತ್ತ ವಿರುದ್ಧ ಆವೇಶದ ಮೋಡವೊಂದಿರುತ್ತದೆ ಎಂಬುದು ಅವರ ನಿಲುವು. ತಿಳಿ ದ್ರಾವಣಗಳಲ್ಲಿ ಗೆದ್ದದ್ದು ಅವರ ಸೂತ್ರವೇ. ಗಾಢ ದ್ರಾವಣಗಳಲ್ಲಿ ಅದೂ ಸೋಲುತ್ತದೆ; ಆ ಒಗಟು ಇಂದಿಗೂ ಪೂರ್ತಿ ಬಿಡಿಸಿಲ್ಲ. ಘೋಷರ ಉತ್ತರ ನಿಲ್ಲಲಿಲ್ಲ, ಅವರು ಎತ್ತಿದ ಪ್ರಶ್ನೆ ನಿಂತಿತು.

1921ರಿಂದ ಢಾಕಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. 1942ರಲ್ಲಿ, ಯುದ್ಧದ ನಡುವೆ, ಅಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಮುಂದೆ ಖರಗ್‌ಪುರದ ಐಐಟಿಗೆ ಅವರೇ ಮೊದಲ ನಿರ್ದೇಶಕರು. 1959ರಲ್ಲಿ ನಿಧನರಾದರು.

ಅವರ ಇನ್ನೊಬ್ಬ ಸಹಪಾಠಿ ಜ್ಞಾನೇಂದ್ರನಾಥ ಮುಖರ್ಜಿ ಇದೇ ವಿದ್ಯುತ್ ಸೆಳೆತವನ್ನು ಜೇಡಿಮಣ್ಣಿನ ಸೂಕ್ಷ್ಮ ಕಣಗಳಲ್ಲಿ ಅಧ್ಯಯನ ಮಾಡಿದರು. ನಮ್ಮ ಬಿಜ್ಜರಗಿ ಸೀಮೆಯ ರೈತರಿಗೆ ಈ ವಿಷಯ ಹತ್ತಿರದ್ದು. ಎರೆಮಣ್ಣಿನ ಕಣಗಳದು ಋಣ ಆವೇಶ. ಕ್ಯಾಲ್ಸಿಯಂ ಅವನ್ನು ಹಿಡಿದಿಡುತ್ತದೆ. ಸೋಡಿಯಂ ಹೆಚ್ಚಿದರೆ ಕಣಗಳು ದೂರ ಸರಿದು, ಮಣ್ಣು ಉಬ್ಬಿ, ನೀರು ಇಂಗದಂತಾಗುತ್ತದೆ. ಜಿಪ್ಸಂ ಹಾಕಿ, ಬಸಿಗಾಲುವೆ ತೋಡುವುದು ಇದಕ್ಕಾಗಿಯೇ.

ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಬರದ ಸೀಮೆಗೆ ಕೃಷ್ಣೆ ಬಂದದ್ದು ಸಂತಸದ ಸಂಗತಿ. ಆದರೆ ನೀರು ತರುವ ವೆಚ್ಚದ ಜೊತೆಗೆ ಹೆಚ್ಚುವರಿ ನೀರನ್ನು ಬಸಿಯುವ ವೆಚ್ಚವನ್ನೂ ಯೋಜನೆಯ ಲೆಕ್ಕಕ್ಕೆ ಸೇರಿಸಬೇಕು. ಒಮ್ಮೆ ಸವಳಾದ ಹೊಲವನ್ನು ಮರಳಿ ಹಸನು ಮಾಡಲು ಹಲವು ವರ್ಷಗಳೇ ಬೇಕು.