ವೈನು ಬಾಪ್ಪು: ಜಗತ್ತಿನ ಖಗೋಳಜ್ಞರ ಅಧ್ಯಕ್ಷ

ಸಿರುಗುಪ್ಪ, ಕುರುಗೋಡು ಕಡೆಯಿಂದ ದಿನಾ ಬಳ್ಳಾರಿಗೆ ಬಸ್ಸಲ್ಲಿ ಬರೋ ಗೆಳೆಯರೇ, ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ 1980ರ ಗ್ರಹಣದ ಬಗ್ಗೆ ಒಮ್ಮೆ ಕೇಳಿ. ಆ ವರ್ಷ ಫೆಬ್ರವರಿ 16ರ ಮಧ್ಯಾಹ್ನ ಪೂರ್ಣ ಸೂರ್ಯಗ್ರಹಣ ನಮ್ಮ ಭಾಗದ ಮೇಲೆಯೇ ಹಾದುಹೋಯಿತು. ಎಷ್ಟೋ ಜನ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಆದರೆ ಸಿರುಗುಪ್ಪದಿಂದ ತುಂಗಭದ್ರೆ ದಾಟಿದರೆ ಸಿಗುವ ಸಿಂಧನೂರು ತಾಲೂಕಿನ ಜವಳಗೇರಾದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಉಪಕರಣ ಹೂಡಿ ಕಾಯ್ತಾ ಇದ್ದರು. ಆ ಸಂಸ್ಥೆಯ ನಿರ್ದೇಶಕರೇ ವೈನು ಬಾಪ್ಪು. ಆಗ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರೂ ಆಗಿದ್ದರು.

ಈ ಒಕ್ಕೂಟ ಹುಟ್ಟಿದ್ದು 1919ರಲ್ಲಿ, ಬ್ರಸೆಲ್ಸ್‌ನಲ್ಲಿ. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಗೆದ್ದ ದೇಶಗಳು ಕಟ್ಟಿದ ಈ ಸಂಘದಲ್ಲಿ ಸೋತ ಜರ್ಮನಿಗೆ ಜಾಗ ಇರಲಿಲ್ಲ. ಆಕಾಶ ಎಲ್ಲರದ್ದು, ಸಭೆ ಮಾತ್ರ ಕೆಲವರದ್ದು!

ಬಾಪ್ಪು ಹುಟ್ಟಿದ್ದು 1927ರಲ್ಲಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ಹಾರ್ವರ್ಡ್‌ನಲ್ಲಿ ಓದುವಾಗ, 1949ರಲ್ಲಿ, ಬಾಪ್ಪು ಒಂದು ಧೂಮಕೇತು ಕಂಡುಹಿಡಿದರು. ಅದಕ್ಕೆ ಅವರ ಜೊತೆ ಬೋಕ್, ನ್ಯೂಕರ್ಕ್ ಎಂಬಿಬ್ಬರ ಹೆಸರೂ ಇದೆ. ನಕ್ಷತ್ರದ ಬೆಳಕಿನಲ್ಲಿ ಕಾಣುವ ಕ್ಯಾಲ್ಸಿಯಂ ರೇಖೆಯ ಅಗಲ ಅಳೆದರೆ ಆ ನಕ್ಷತ್ರದ ನಿಜವಾದ ಪ್ರಕಾಶ ಎಷ್ಟು ಅಂತ ಲೆಕ್ಕ ಹಾಕಬಹುದು. ಇದನ್ನು ಅಮೆರಿಕದ ಓಲಿನ್ ವಿಲ್ಸನ್ ಮತ್ತು ಬಾಪ್ಪು 1957ರಲ್ಲಿ ಪ್ರಕಟಿಸಿದರು.

ಅವರು ಅಮೆರಿಕದಲ್ಲೇ ಉಳಿಯಬಹುದಿತ್ತು. ಆದರೆ ವಾಪಸ್ ಬಂದರು. 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ಹೊಣೆ ಹೊತ್ತರು, ಆಮೇಲೆ ತಮಿಳುನಾಡಿನ ಕಾವಲೂರಿನಲ್ಲಿ ಹೊಸ ವೀಕ್ಷಣಾಲಯ ಕಟ್ಟಿಸಿದರು. ಶೀತಲ ಸಮರದ ಆ ದಿನಗಳಲ್ಲಿ, ಅಮೆರಿಕದಲ್ಲಿ ಕಲಿತು ಬಂದ ಈ ವಿಜ್ಞಾನಿ ಕಾವಲೂರಿಗೆ ಪೂರ್ವ ಜರ್ಮನಿಯಿಂದ 1 ಮೀಟರ್ ದೂರದರ್ಶಕ ತರಿಸಿದರು.

1977ರಲ್ಲಿ ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದುಹೋಯಿತು. ಅಮೆರಿಕದವರು ವಿಮಾನದಿಂದ, ನಮ್ಮವರು ಕಾವಲೂರಿನಿಂದ, ಇನ್ನೂ ಕೆಲವು ದೇಶಗಳವರು ತಮ್ಮ ತಮ್ಮ ಜಾಗದಿಂದ ನೋಡಿದರು. ಗ್ರಹ ಅಡ್ಡ ಬರೋ ಮುಂಚೆಯೇ ನಕ್ಷತ್ರ ಮತ್ತೆ ಮತ್ತೆ ಮಂಕಾಯಿತು. ಯುರೇನಸ್‌ಗೆ ಉಂಗುರಗಳಿವೆ ಅಂತ ಗೊತ್ತಾಗಿದ್ದು ಹೀಗೆ. ಭೂಮಿ ತಿರುಗ್ತಾನೇ ಇರುತ್ತೆ. ಒಂದೇ ದೇಶದಲ್ಲಿ ಕೂತು ಇಡೀ ಆಕಾಶ ನೋಡೋಕಾಗಲ್ಲ.

1979ರಲ್ಲಿ ಬಾಪ್ಪು ಒಕ್ಕೂಟದ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಅವರು. ದೂರ ಉಳಿದಿದ್ದ ಚೀನಾ ಕೂಡ ಅದೇ ವರ್ಷ ಒಕ್ಕೂಟಕ್ಕೆ ಮರಳಿತು.

1982ರ ಆಗಸ್ಟ್‌ನಲ್ಲಿ ಗ್ರೀಸ್‌ನ ಪತ್ರಾಸ್‌ನಲ್ಲಿ ಮಹಾಸಭೆ. ಅಧ್ಯಕ್ಷರ ಕುರ್ಚಿಯಲ್ಲಿ ಅವರಿರಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆಗೆಂದು ಮ್ಯೂನಿಕ್‌ನಲ್ಲಿದ್ದರು. ಸಭೆ ನಡೆಯುತ್ತಿರುವಾಗಲೇ, 19ರಂದು, ಅಲ್ಲೇ ತೀರಿಕೊಂಡರು. ಆಗಿನ್ನೂ 55 ವರ್ಷ.

ಮುಂದಿನ ಮಹಾಸಭೆ 1985ರಲ್ಲಿ ದೆಹಲಿಯಲ್ಲೇ ನಡೆಯಿತು. ಅವರ ಕನಸಿನ 2.34 ಮೀಟರ್ ದೂರದರ್ಶಕ ಇವತ್ತು ಕಾವಲೂರಿನಲ್ಲಿದೆ. ಅದಕ್ಕೆ ಅವರದೇ ಹೆಸರು.