ಬಲೆ, ಗಾಳ ಮತ್ತು ಅಶೋಕನ ಕಟ್ಟಳೆ

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇಗುಲದ ಆವರಣದ ಕಾಳಿಕಾ ಗುಡಿಯ ಚಾವಣಿ ಕುಸಿಯಿತು. ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂಬುದು ಆಗ ತಿಳಿಯಿತು. ಸಮೀಪದ ಕನಗನಹಳ್ಳಿಯ ಸ್ತೂಪದ ಉತ್ಖನನದಲ್ಲಿ ಬ್ರಾಹ್ಮಿ ಲಿಪಿಯ ಹೆಸರಿನೊಂದಿಗೆ ಅವನ ಶಿಲ್ಪವೂ ದೊರೆಯಿತು. ಭೀಮಾ ತೀರದಲ್ಲಿ ಹೀಗೆ ಬೆಳಕಿಗೆ ಬಂದ ಅರಸನನ್ನು ನಾವು ಕಳಿಂಗದ ಪಶ್ಚಾತ್ತಾಪಕ್ಕಾಗಿ ನೆನೆಯುತ್ತೇವೆ. ನೀರನ್ನೂ ಮೀನನ್ನೂ ಹಂಚಿಕೊಳ್ಳುವ ಬಗೆಗೂ ಅವನ ಬದುಕು ಹೇಳುವ ಮಾತೊಂದಿದೆ.

ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗನಾದ ಅಶೋಕ ಪಟ್ಟಾಭಿಷಿಕ್ತನಾದದ್ದು ಕ್ರಿ.ಪೂ. 268ರ ಸುಮಾರಿಗೆ. ಎಂಟು ವರ್ಷಗಳ ಬಳಿಕ ಕಳಿಂಗವನ್ನು ಗೆದ್ದ. ಅಲ್ಲಿ ಲಕ್ಷ ಜನ ಹತರಾದುದನ್ನು, ಒಂದೂವರೆ ಲಕ್ಷ ಜನ ನೆಲೆ ಕಳೆದುಕೊಂಡುದನ್ನು ತಾನೇ ಕಲ್ಲಿನಲ್ಲಿ ಬರೆಸಿದ. ಮತ್ತೆರಡು ವರ್ಷಗಳಲ್ಲಿ ಬೇಟೆಯ ವಿಹಾರಯಾತ್ರೆಯನ್ನು ಬಿಟ್ಟು ಧರ್ಮಯಾತ್ರೆಗೆ ಹೊರಟ. ಅಸಂಖ್ಯ ಪ್ರಾಣಿಗಳು ಬಲಿಯಾಗುತ್ತಿದ್ದ ಅರಮನೆಯ ಅಡುಗೆಮನೆಯಲ್ಲಿ ದಿನಕ್ಕೆ ಎರಡು ನವಿಲು, ಒಂದು ಜಿಂಕೆಗೆ ಮಿತಿ ಹಾಕಿದ. ಮುಂದೆ ಅವೂ ಬೇಡವೆಂದ. ಸಂಯಮ ಮೊದಲು ಆರಂಭವಾದದ್ದು ದೊರೆಯ ಮನೆಯಲ್ಲಿ.

ಆಳ್ವಿಕೆಯ ಇಪ್ಪತ್ತಾರನೆಯ ವರ್ಷದಲ್ಲಿ ಉತ್ತರದ ಕಂಬಗಳ ಮೇಲೆ ಅವನು ಕೊರೆಸಿದ ಶಾಸನ ಮೀನಿನ ಮಾತನ್ನೂ ಆಡುತ್ತದೆ. ಕೆಲವು ಬಗೆಯ ಮೀನುಗಳನ್ನು, ಆಮೆಯನ್ನು ಕೊಲ್ಲುವಂತಿಲ್ಲ. ಮೂರು ಚಾತುರ್ಮಾಸ್ಯದ ಹುಣ್ಣಿಮೆ ಮತ್ತು ತಿಷ್ಯ ಹುಣ್ಣಿಮೆಗಳಲ್ಲಿ ಮೂರು ಮೂರು ದಿನ, ಜತೆಗೆ ಉಪವಾಸದ ದಿನಗಳಲ್ಲಿ ಮೀನು ಕೊಲ್ಲುವುದೂ ಮಾರುವುದೂ ನಿಷಿದ್ಧ. ಬೆಸ್ತರಿಗೆಂದೇ ಮೀಸಲಾದ ನೀರು ಅಂದು ಇತ್ತೆಂಬುದೂ ಅದೇ ಶಾಸನದಿಂದ ತಿಳಿಯುತ್ತದೆ. ಮತ್ಸ್ಯಸಂಪತ್ತಿನ ಲೆಕ್ಕಾಚಾರವಲ್ಲ, ಜೀವದಯೆಯೇ ಇದರ ಪ್ರೇರಣೆ. ಆದರೂ ವ್ಯತ್ಯಾಸ ಗಮನಾರ್ಹ: ತನ್ನ ವಿನೋದವನ್ನು ಅರಸ ಪೂರ್ಣವಾಗಿ ತೊರೆದ, ಬೆಸ್ತನ ಕಸುಬಿಗೆ ಗೊತ್ತಾದ ದಿನಗಳ ಬಿಡುವನ್ನಷ್ಟೇ ವಿಧಿಸಿದ. ಬೆಸ್ತರು ಅದಕ್ಕೆ ಏನೆಂದರೆಂಬುದನ್ನು ಮಾತ್ರ ಯಾವ ಕಲ್ಲೂ ಹೇಳುವುದಿಲ್ಲ.

ಇದೇ ಸೀಮೆಯನ್ನು 12ನೆಯ ಶತಮಾನದಲ್ಲಿ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ತನ್ನ ‘ಮಾನಸೋಲ್ಲಾಸ’ದಲ್ಲಿ ಗಾಳ ಹಾಕುವುದನ್ನು ರಾಜವಿನೋದವಾಗಿಯೇ ವಿವರಿಸಿದ. ಗಾಳದ ಮೋಜು ಹೊಸದೇನಲ್ಲ. ಅದು ತಪ್ಪೆಂದೂ ಅಲ್ಲ.

ಇಂದು ಕೆರೆ, ಜಲಾಶಯಗಳಲ್ಲಿ ಗುತ್ತಿಗೆ ಹಿಡಿದವರ ಬಲೆಯೂ ರಜಾದಿನದ ಹವ್ಯಾಸಿಗಳ ಗಾಳವೂ ಒಂದೇ ನೀರಿಗೆ ಇಳಿಯುತ್ತವೆ. ಬಲೆಯಿಂದ ಮೀನು ಬರಿದಾಯಿತೆಂದು ಒಬ್ಬರು, ಮೋಜಿನವರು ತಮ್ಮ ಹೊಟ್ಟೆಗೆ ಅಡ್ಡ ಬಂದರೆಂದು ಇನ್ನೊಬ್ಬರು ದೂರುತ್ತಾರೆ. ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಬಿಡುವಿದೆ. ಮೊದಲೇ ತಿಳಿದ, ಎಲ್ಲರಿಗೂ ಒಂದೇ ಆದ ಇಂಥ ಬಿಡುವನ್ನು ಮೀನುಗಾರರು ಸಹಿಸಿಯಾರು. ಹವ್ಯಾಸಿಗಳ ಒತ್ತಡಕ್ಕೆ ಮಣಿದು ಬಲೆಯನ್ನಷ್ಟೇ ಎತ್ತಿಸುವ ಆದೇಶವನ್ನು ಹೇಗೆ ಸಹಿಸಿಯಾರು? ಬಿಡುವ ಸರದಿ ಬಂದಾಗ ಮೊದಲು ಬಿಡಬೇಕಾದವನು, ಬಿಟ್ಟರೂ ಉಪವಾಸ ಬೀಳದವನು.

ಕ್ರಿ.ಪೂ. 232ರ ಸುಮಾರಿಗೆ ಅಶೋಕ ತೀರಿಕೊಂಡ. ಸನ್ನತಿಯ ಕಲ್ಲಿನಲ್ಲಿ ಮೀನಿನ ಕಟ್ಟಳೆಯಿಲ್ಲ. ಅಲ್ಲಿರುವುದು ಅಧಿಕಾರಿಗಳಿಗೆ ಇತ್ತ ಸೂಚನೆ: ಪ್ರಜೆಗಳೆಲ್ಲ ಮಕ್ಕಳೆಂದು ತಿಳಿದು, ಅಸೂಯೆ, ಕೋಪ, ಆತುರ, ಆಲಸ್ಯಗಳನ್ನು ಬಿಟ್ಟು ನಿಷ್ಪಕ್ಷಪಾತವಾಗಿ ನಡೆಯಬೇಕು. ಕೆರೆಯ ದಡದಲ್ಲಿ ನ್ಯಾಯ ಹೇಳಲು ಕುಳಿತವರಿಗೆ ಅಷ್ಟು ಸಾಕು.