ಮಾರ್ಫೀನಿನ ಶೋಧಕ ಸೆರ್ಟ್ಯೂರ್ನರ್

ವೈಟ್‌ಫೀಲ್ಡಿಗೆ ಹೋಗುವ ಹಾದಿಯಲ್ಲಿ, ಗಣಕಯಂತ್ರ ಕಚೇರಿಗಳ ಗಾಜಿನ ಸೌಧಗಳ ನಡುವೆ, ಕರುಣಾಶ್ರಯವೆಂಬ ಆರೈಕೆಯ ಮನೆಯೊಂದಿರುವುದು. ಗುಣವಾಗಲಾರದ ಅರ್ಬುದರೋಗಿಗಳನ್ನು ಶುಲ್ಕವಿಲ್ಲದೆ ಇರಿಸಿಕೊಂಡು ಅವರ ಕಡೆಯ ದಿನಗಳ ನೋವನ್ನು ಶಮನಗೊಳಿಸುವ ಕಾರ್ಯವು ಅಲ್ಲಿ 1999ರಿಂದ ನಡೆದುಬಂದಿದೆ. ಇಂತಹ ಸೇವೆಯಲ್ಲಿ ವೈದ್ಯರಿಗೆ ಮುಖ್ಯಾಧಾರವಾದ ಮಾರ್ಫೀನನ್ನು ಲೋಕಕ್ಕೆ ಕೊಟ್ಟವನ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಫ್ರೀಡ್ರಿಖ್ ಸೆರ್ಟ್ಯೂರ್ನರನು 1783ನೆಯ ಇಸವಿ ಜೂನ್ 19ರಂದು ಜರ್ಮನಿಯ ಪಾಡರ್ಬೋರ್ನಿನ ಸಮೀಪದ ನಾಯ್‌ಹೌಸಿನಲ್ಲಿ ಜನಿಸಿದನು. ಬಾಲ್ಯ ಕಳೆಯುವ ಮೊದಲೇ ತಂದೆಯು ತೀರಿಕೊಂಡುದರಿಂದ ಉನ್ನತ ವಿದ್ಯೆಯ ಯೋಗ ಒದಗದೆ, ಪಾಡರ್ಬೋರ್ನಿನ ಔಷಧದಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದನು. ಆ ಕಾಲದಲ್ಲಿ ಅಫೀಮು ವೈದ್ಯರಿಗೆ ನಂಬಲಾಗದ ಮಿತ್ರನಾಗಿದ್ದಿತು. ಒಂದೇ ತೂಕದ ಅಫೀಮು ಒಮ್ಮೆ ನಿಷ್ಫಲವಾದರೆ ಮತ್ತೊಮ್ಮೆ ಪ್ರಾಣಾಂತಕವಾಗುತ್ತಿದ್ದಿತು. ಇದರ ಕಾರಣವನ್ನರಸಿದ ಈ ತರುಣನು ಅಫೀಮಿನ ಕಷಾಯಕ್ಕೆ ಅಮೋನಿಯಾ ಬೆರೆಸಿ, ನಿದ್ರಾಕಾರಕವಾದ ಹರಳುಗಳನ್ನು ಬೇರ್ಪಡಿಸಿದನು. ಸಸ್ಯಸತ್ತ್ವಗಳೆಲ್ಲವೂ ಆಮ್ಲಗಳೆಂದು ನಂಬಿದ್ದ ಪಂಡಿತರಿಗೆ ಈ ವಸ್ತು ಕ್ಷಾರಸ್ವಭಾವದ್ದೆಂಬ ಮಾತು ರುಚಿಸಲಿಲ್ಲ. ಅಂಗಡಿಯ ಹುಡುಗನ ಲೇಖನಗಳನ್ನು ಯಾರೂ ಲಕ್ಷಿಸಲಿಲ್ಲ.

ಆದರೂ ಆತನು ಎದೆಗುಂದಲಿಲ್ಲ. ತಾನೂ ಮೂವರು ತರುಣರೂ ಮುಕ್ಕಾಲು ಗಂಟೆಯೊಳಗೆ ಅರ್ಧ ಗ್ರೇನಿನಂತೆ ಮೂರಾವರ್ತಿ ಅದನ್ನು ಸೇವಿಸಿ, ವಿಷವೇರಿದಾಗ ವಿನಿಗರು ಕುಡಿದು ವಾಂತಿ ಮಾಡಿಕೊಂಡು ಬದುಕಿದರು. ಈ ಸಾಹಸವು ಅನುಕರಣೀಯವಲ್ಲ. ಆದರೆ ಮಾತ್ರೆಯ ಮಿತಿ ಅದರಿಂದ ಗೊತ್ತಾಯಿತು. 1817ರಲ್ಲಿ ಪ್ರಕಟವಾದ ಲೇಖನದಲ್ಲಿ, ಗ್ರೀಕರ ಸ್ವಪ್ನದೇವತೆಯ ಹೆಸರನ್ನು ಆ ವಸ್ತುವಿಗಿಟ್ಟನು. ಪ್ಯಾರಿಸಿನ ಗೇ-ಲ್ಯೂಸಾಕನು ಅದರ ಮಹತ್ವವನ್ನರಿತನು. ಯೇನಾ ವಿಶ್ವವಿದ್ಯಾನಿಲಯವು ಪದವಿಯಿತ್ತಿತು. 1831ರಲ್ಲಿ ಫ್ರಾನ್ಸಿನ ವಿದ್ವತ್ಸಂಸ್ಥೆಯು 2000 ಫ್ರಾಂಕುಗಳ ಬಹುಮಾನವನ್ನು ಕೊಟ್ಟಿತು. ಹಾಮೆಲ್ನಿನಲ್ಲಿ ಔಷಧದಂಗಡಿ ನಡೆಸುತ್ತ 1841ರ ಫೆಬ್ರವರಿ 20ರಂದು ಆತನು ಕಾಲವಶನಾದನು.

ಆ ಹರಳು ದೇಹದಲ್ಲಿ ಮಾಡುವುದೇನೆಂಬುದನ್ನು ಆತನು ತಿಳಿಯಲಿಲ್ಲ. ಅಫೀಮನ್ನು ಹಿಡಿಯುವ ಗ್ರಾಹಕಗಳು ನರಕೋಶಗಳಲ್ಲಿರುವುವೆಂದು 1973ರಲ್ಲಿ ಸಿದ್ಧವಾಯಿತು. ನಮ್ಮ ದೇಹವೇ ತಯಾರಿಸುವ ತತ್ಸಮಾನ ದ್ರವ್ಯಗಳು 1975ರಲ್ಲಿ ಬೆಳಕಿಗೆ ಬಂದುವು. ಮಾರ್ಫೀನು ಗ್ರಾಹಕದಲ್ಲಿ ಕುಳಿತೊಡನೆ ಕೋಶದೊಳಗಿನ ಜಿ-ಪ್ರೋಟೀನು ಎಚ್ಚರಗೊಂಡು, ಕ್ಯಾಲ್ಸಿಯಂ ದ್ವಾರಗಳನ್ನು ಮುಚ್ಚಿಸಿ ಪೊಟ್ಯಾಸಿಯಂ ದ್ವಾರಗಳನ್ನು ತೆರೆಸುವುದು. ನೋವಿನ ವಾರ್ತೆ ಮುಂದೆ ಸಾಗದು. ಪ್ರಚೋದನೆಯು ಮುಂದುವರಿದರೆ ಕೋಶವು ಗ್ರಾಹಕದ ಬಾಲಕ್ಕೆ ಫಾಸ್ಫೇಟನ್ನಂಟಿಸುವುದು. ಅರೆಸ್ಟಿನ್ ಎಂಬ ಪ್ರೋಟೀನು ಅಡ್ಡಬಂದು ವಾರ್ತೆಯನ್ನು ತಡೆಯುವುದು. ಕೆಲವು ಗ್ರಾಹಕಗಳು ಕೋಶದೊಳಕ್ಕೆ ಸೆಳೆಯಲ್ಪಡುವುವು. ಬರಬರುತ್ತ ಹೆಚ್ಚು ಮಾತ್ರೆ ಬೇಕಾಗುವುದಕ್ಕೆ ಇದೂ ಒಂದು ಕಾರಣ. ಉಸಿರನ್ನು ಕುಂದಿಸುವುದೂ ಇವೇ ಗ್ರಾಹಕಗಳಾದುದರಿಂದ ಎಚ್ಚರಿಕೆ ಅವಶ್ಯ.

ಎಚ್ಚರಿಕೆ ಬೇರೆ, ಭೀತಿ ಬೇರೆ. ಔಷಧಕ್ಕಾಗಿ ಅಫೀಮನ್ನು ಬೆಳೆದು ಹೊರದೇಶಗಳಿಗೂ ಕಳುಹಿಸುವ ನಾಡು ನಮ್ಮದು. ಆದರೂ 1985ರ ಶಾಸನದ ಕಟ್ಟುಗಳಿಗಂಜಿ ಅನೇಕ ಆಸ್ಪತ್ರೆಗಳು ಮಾರ್ಫೀನನ್ನು ಇರಿಸುವುದನ್ನೇ ಬಿಟ್ಟುವು. 2014ರ ತಿದ್ದುಪಡಿಯು ಆ ಕಟ್ಟುಗಳನ್ನು ಸಡಿಲಿಸಿದರೂ ಅದರ ಫಲವು ಎಲ್ಲ ಊರುಗಳಿಗೂ ಮುಟ್ಟಿಲ್ಲ. ಅಫೀಮಿಗೆ ಅಳತೆಯನ್ನು ಕಲಿಸಿದವನು ಸೆರ್ಟ್ಯೂರ್ನರ್. ಅಳತೆಯರಿತ ಔಷಧವನ್ನು ನರಳುವವನಿಗೆ ತಲಪಿಸುವ ಭಾರವು ವೈದ್ಯರದೂ ಅಧಿಕಾರಿಗಳದೂ ಆಗಿದೆಯೆಂದು ನಾವು ವಿನಯಪೂರ್ವಕವಾಗಿ ಸೂಚಿಸುತ್ತೇವೆ.